ಇಪ್ಪತ್ತರವರೆಗೆ

"ಪುವಾ, ನಾಳೆ ಚರ್ಚಿಗೆ ಬರ್ತೀಯಾ? ಬರಲ್ಲ ತಾನೆ? ಸರಿ ಬಿಡು," ಎಂದು ಒಂದೇ ಉಸಿರಿಗೆ ಹೇಳಿ ಲೋಸಾ ಚಪ್ಪಲಿ ಹುಡುಕತೊಡಗಿದಳು.

ಅಜ್ಜಿ ಹೊಲಿಗೆ ಮೆಷಿನ್ ನಿಲ್ಲಿಸಿದರು. "ಚೆನ್ನಾಗಿದೆ ಕಣೇ. ಕೇಳಿದೋಳೂ ನೀನೇ, ಉತ್ತರ ಕೊಟ್ಟೋಳೂ ನೀನೇ."

"ಅವಳು ಏನೂ ಹೇಳ್ಲಿಲ್ಲ ಅಜ್ಜಿ. ನಾನೇನ್ ಮಾಡ್ಲಿ?"

ನಾಳೆ ಬಿಳಿ ಭಾನುವಾರ. ಸಮೋವಾದಲ್ಲಿ ಅದು ಮಕ್ಕಳ ಹಬ್ಬ. ಬಿಳಿ ಬಟ್ಟೆ ತೊಟ್ಟ ಮಕ್ಕಳೆಲ್ಲ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮನೆಗೆ ಬಂದರೆ ಮೊದಲ ಊಟವೂ ಅವರಿಗೇ. ಅಜ್ಜಿಯ ಹತ್ತಿರ ಇನ್ನೊಂದು ಫ್ರಾಕಿಗಾಗುವಷ್ಟು ಬಟ್ಟೆ ಉಳಿದಿತ್ತು. ಪುವಾ ಬರುವುದಾದರೆ ಅವಳಿಗೆ, ಇಲ್ಲವಾದರೆ ಪಕ್ಕದ ಮನೆಯ ಮಗುವಿಗೆ.

ಪುವಾ ಲೋಸಾಳ ತಂಗಿ. ಏಳು ವರ್ಷ. ಎರಡು ವರ್ಷದವಳಿದ್ದಾಗ ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋದವು. ಈಗ ಗಾಲಿಕುರ್ಚಿಯಲ್ಲಿ ಕುಳಿತು ಸದಾ ಕೈ ಹೊಸೆಯುತ್ತಾಳೆ. ರೆಟ್ ಸಿಂಡ್ರೋಮ್ ಎಂದಿದ್ದರು ಆಸ್ಪತ್ರೆಯ ನರ್ಸ್. "ಒಂದು ಜೀನ್‌ನಲ್ಲಿ ಹುಟ್ಟೋಕೆ ಮುಂಚೇನೇ ಏನೋ ಚಿಕ್ಕ ತಪ್ಪಾಗಿದೆ. ಯಾರು ಮಾಡಿದ್ದೂ ಅಲ್ಲ. ನೀವು ಹೇಳೋದು ಅವಳಿಗೆ ಅರ್ಥ ಆಗತ್ತೆ. ಅವಳ ಮೈ ಅವಳ ಮಾತು ಬೇಗ ಕೇಳಲ್ಲ, ಅಷ್ಟೇ. ಪ್ರಶ್ನೆ ಕೇಳಿ ಕಾಯ್ಬೇಕು."

ಕಾಯುವುದೇ ಲೋಸಾಳಿಗೆ ಆಗದ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅವಳು. ಅದೊಂದೇ ಅಲ್ಲ. ಶಾಲೆಯಲ್ಲಿ ಹುಡುಗರು ಪುವಾಳನ್ನು "ನೀರಿಲ್ದೆ ಕೈ ತೊಳೆಯೋಳು" ಎಂದು ಅಣಕಿಸುತ್ತಿದ್ದರು. ನಾಳೆ ಇಡೀ ಊರಿನ ಮುಂದೆ ಅದನ್ನೇ ಕೇಳಬೇಕಲ್ಲ ಎಂದು ಲೋಸಾಳಿಗೆ ಭಯ. ತಂಗಿ ಬರದಿದ್ದರೇ ಒಳ್ಳೆಯದು ಅನ್ನಿಸಿತ್ತು.

ಢಣ್, ಢಣ್. ಚರ್ಚಿನ ಮುಂದೆ ಗಂಟೆಯ ಬದಲು ತೂಗುಹಾಕಿದ ಖಾಲಿ ಗ್ಯಾಸ್ ಸಿಲಿಂಡರ್ ಬಡಿದರು. ನಾಳೆಯ ಹಾಡಿನ ಪ್ರಾಕ್ಟೀಸಿಗೆ ಹೊತ್ತಾಯಿತು.

"ಇನ್ನೊಂದ್ಸಲ ಕೇಳು. ಇಪ್ಪತ್ತರ ತನಕ ಎಣಿಸು. ಆಮೇಲೆ ಎಲ್ಲಿಗಾದ್ರೂ ಓಡು," ಎಂದರು ಅಜ್ಜಿ.

ಲೋಸಾ ಮುಖ ಊದಿಸಿಕೊಂಡು ಕೇಳಿದಳು. "ನಾಳೆ ಬರ್ತೀಯಾ?"

ಒಂದು, ಎರಡು, ಮೂರು. ಪುವಾ ಛಾವಣಿ ನೋಡುತ್ತಿದ್ದಳು. ಆರು, ಏಳು. ಲೋಸಾ ಒಂದು ಕಾಲಿನ ಮೇಲೆ ನಿಂತಳು, ಮತ್ತೊಂದಕ್ಕೆ ಬದಲಿಸಿದಳು. ಹತ್ತು. ಪುವಾ ಕೈ ಹೊಸೆಯುವುದು ಜೋರಾಯಿತು. ಹನ್ನೆರಡು. ಅವಳ ಕಣ್ಣು ಛಾವಣಿಯಿಂದ ಇಳಿದು ಅಕ್ಕನ ಮುಖಕ್ಕೆ ಬಂದು ನಿಂತಿತು.

ಹದಿನಾಲ್ಕಕ್ಕೆ ಅವಳ ಎರಡೂ ಹುಬ್ಬು ಮೆಲ್ಲಗೆ ಮೇಲೆದ್ದವು.

ಹೌದು ಎನ್ನಲು ಈ ಊರಿನಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ, ಹುಬ್ಬು ಎತ್ತುತ್ತಾರೆ. ಅಂಗಡಿಯವರೂ ಹಾಗೇ, ಪಾದ್ರಿಯೂ ಹಾಗೇ.

ಅಜ್ಜಿ ಕತ್ತರಿ ಕೈಗೆತ್ತಿಕೊಂಡರು. ಲೋಸಾ ಮಾತ್ರ ಅಲ್ಲಾಡಲಿಲ್ಲ. ಹೋದ ವಾರ "ಸಮುದ್ರಕ್ಕೆ ಬರ್ತೀಯಾ?" ಎಂದು ಕೇಳಿ ಓಡಿದ್ದಳು. ರಸ್ತೆಯಿಂದ ತಿರುಗಿ ನೋಡಿದಾಗ ಪುವಾಳ ಹುಬ್ಬು ಹೀಗೇ ಮೇಲೆದ್ದಿತ್ತು. ಬಿಸಿಲಿಗಿರಬೇಕು ಅಂದುಕೊಂಡಿದ್ದಳು. ಅವತ್ತು ಇವಳು ಎಷ್ಟು ಹೊತ್ತು ದಾರಿ ನೋಡಿದಳೋ.

ಲೋಸಾ ಚಪ್ಪಲಿ ಹುಡುಕುವುದು ಬಿಟ್ಟು ಕುರ್ಚಿಯ ಮುಂದೆ ಚಾಪೆಯ ಮೇಲೆ ಕುಳಿತಳು. "ನನ್ನ ಪಕ್ಕಾನೇ ಕೂರ್ತೀಯಾ?"

ಪ್ರಾಕ್ಟೀಸಿಗೆ ಹೊರಟಿದ್ದ ಗೆಳೆಯ ತವಿಟಾ ರಸ್ತೆಯಿಂದ ಕೂಗಿದ. "ಲೋಸಾ, ಬರ್ತೀಯೋ ಇಲ್ವೋ? ಅಲ್ಲೇನ್ ಮಾಡ್ತಿದೀಯ ಕೂತ್ಕೊಂಡು?"

ಪುವಾ ಮತ್ತೆ ಛಾವಣಿ ನೋಡುತ್ತಿದ್ದಳು. ಲೋಸಾಳ ಎಣಿಕೆ ಇನ್ನೂ ಎಂಟಕ್ಕೆ ಬಂದಿತ್ತು.

"ಸ್ವಲ್ಪ ಇರೋ," ಎಂದಳು ಲೋಸಾ, ಅತ್ತ ತಿರುಗದೆ. "ಅವಳು ಮಾತಾಡ್ತಿದಾಳೆ."