ಮಿರ್ಸಿನಿಯ ಕಾರು ಕೆಟ್ಟ ಕಥೆ

ಮಿರ್ಸಿನಿಯ ಹೊಸ ಕಾರು ಒಂದೇ ಚಳಿಗಾಲದಲ್ಲಿ ನಾನೂರ ಹನ್ನೊಂದು ಸಲ ಕೆಟ್ಟು ನಿಂತಿತ್ತು. ನಂಬದವರು ಲೆಸ್ವೊಸ್ ದ್ವೀಪಕ್ಕೆ ಬಂದು, ನಮ್ಮೂರ ಚೌಕದಲ್ಲಿ ಪ್ರೊಕೊಪಿಸನ ಕಾಫಿ ಅಂಗಡಿ ಎಲ್ಲಿ ಎಂದು ಕೇಳಿ. ಆ ಪ್ರೊಕೊಪಿಸ್ ನಾನೇ. ಇಡೀ ಗ್ರೀಸಿನಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿಲ್ಲ.

ಆ ಕಾರಿನಲ್ಲಿ ಗುಂಡಿಗಳೇ ಇರಲಿಲ್ಲ, ಎಲ್ಲಕ್ಕೂ ಒಂದೇ ಪರದೆ. ಗಾಳಿ ಬೇಕೆಂದು ಮುಟ್ಟಿದರೆ ಹಿಂದೆ ಡಿಕ್ಕಿ ತೆರೆದುಕೊಳ್ಳುತ್ತಿತ್ತು. ರೇಡಿಯೊ ಹಾಕಿದರೆ ವೈಪರ್ ಕುಣಿಯುತ್ತಿತ್ತು. ಒಮ್ಮೆ ಚರ್ಚಿನ ಏರಿನಲ್ಲಿ ನಿಂತೇಬಿಟ್ಟಾಗ, ಪಾದ್ರಿಯೇ ಬಂದು ತೀರ್ಥ ಚಿಮುಕಿಸಿದರು. ಕಾರು ಹಿಮ್ಮುಖವಾಗಿ ತಾನೇ ಮನೆಗೆ ಹೋಯಿತು!

ಇಗ್ನಾಟಿಸ್ ಅವಳನ್ನು ಮೊದಲು ಮಾತಾಡಿಸಿದ್ದೂ ಅಂಥದೇ ಒಂದು ದಿನ. ಬೆಟ್ಟದ ತಿರುವಿನಲ್ಲಿ, ಪುಟ್ಟ ಪ್ರಾರ್ಥನಾ ಮಂದಿರದ ಎದುರು ಕಾರು ನಿಂತಿತ್ತು. ನಾಲ್ಕೂ ಬಾಗಿಲು ಬೀಗ ಹಾಕಿಕೊಂಡಿದ್ದವು. ಒಳಗೆ ಮಿರ್ಸಿನಿ, ಐದು ಊರಿಗೆ ಒಬ್ಬಳೇ ದಾದಿ, ಮಡಿಲಲ್ಲಿ ಲಸಿಕೆಯ ಡಬ್ಬಿ ಇಟ್ಟುಕೊಂಡು ಸಿಟ್ಟಿನಿಂದ ಕೆಂಪಾಗಿದ್ದಳು.

“ಕಿಟಕಿ ಇಳಿಸು,” ಎಂದ ಹೊರಗಿನಿಂದ.

“ಇಳಿಯಲ್ಲ.”

“ಹಾಗಾದ್ರೆ ಬಾಗಿಲು ತೆಗಿ.”

“ತೆಗೆಯೋಕೆ ಆಗಿದ್ರೆ ನಿನ್ನ ಮುಖ ನೋಡ್ಕೊಂಡು ಯಾಕೆ ಕೂತಿರ್ತಿದ್ದೆ?”

ಅವನು ನಕ್ಕ. “ಗಾಡಿ ಏನನ್ನುತ್ತೆ?”

“ಜರ್ಮನ್‌ನಲ್ಲಿ ಏನೋ ಅನ್ನುತ್ತೆ. ಬೈತಿದೆ ಅನ್ಸುತ್ತೆ.”

ಇಗ್ನಾಟಿಸ್ ನಮ್ಮೂರಿನ ಮೆಕ್ಯಾನಿಕ್. ಬಾನೆಟ್‌ನ ಸಂದಿಯಲ್ಲಿ ಅದೇನೋ ತಂತಿ ತೂರಿಸಿ ತೆರೆದ, ಬ್ಯಾಟರಿ ಬಿಚ್ಚಿ ಮತ್ತೆ ಜೋಡಿಸಿದ. ಬೀಗಗಳು ಟಕ್ ಎಂದವು. ಮಿರ್ಸಿನಿ ಇಳಿದಳು. ಗ್ರೀಸು ಮೆತ್ತಿದ ಆ ಕೈಗಳನ್ನು ನೋಡಿ, ಏಕೋ ಥ್ಯಾಂಕ್ಸ್ ಹೇಳುವುದನ್ನೇ ಮರೆತಳು.

“ಇದು ಮತ್ತೆ ಕೆಡುತ್ತಾ?”

“ಕೆಡಲಿ ಅಂತ ಭಾನುವಾರ ಮೋಂಬತ್ತಿ ಹಚ್ತೀನಿ,” ಎಂದು ಅವನು ಬೈಕ್ ಹತ್ತಿದ.

ಆ ಮೋಂಬತ್ತಿ ಚೆನ್ನಾಗಿಯೇ ಉರಿದಿರಬೇಕು. ಕಾರು ಕೆಡುತ್ತಲೇ ಹೋಯಿತು, ಅವನು ಬರುತ್ತಲೇ ಇದ್ದ. ಕಾರು ಸರಿಯಿದ್ದ ವಾರ ಮಿರ್ಸಿನಿಗೆ ಬೇಸರ.

ಇದನ್ನೆಲ್ಲ ನೋಡಿಯೂ ನೋಡದಂತೆ ಇದ್ದವನು ಅವಳ ಅಪ್ಪ ದೂಕಾಸ್. ಮೂವತ್ತು ವರ್ಷ ಬಸ್ಸು ಓಡಿಸಿದವನು, ಒಂದು ದಿನವೂ ರಸ್ತೆಯಿಂದ ಕಣ್ಣು ತೆಗೆದವನಲ್ಲ. ಮಗಳ ಪಕ್ಕದಲ್ಲಿ ಕೂತಾಗಲೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆ ಮಂದಿರ ಬಂದರೆ ಮಾತ್ರ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ. ಅಲ್ಲಿ ನಾವೆಲ್ಲರೂ ಹಾಗೇ. ಗಾಡಿ ನಿಧಾನ ಮಾಡುತ್ತೇವೆ, ಬಲಗೈ ಎತ್ತುತ್ತೇವೆ.

ಅಕ್ಟೋಬರಿನ ಆ ಬೆಳಿಗ್ಗೆಯೂ ದೂಕಾಸ್ ಕಣ್ಣು ಮುಚ್ಚಿ ಕೈ ಎತ್ತಿದ. ಮಿರ್ಸಿನಿ ಎತ್ತಲಿಲ್ಲ.

ಅವಳ ಬಲಗೈಯಲ್ಲಿ ಫೋನಿತ್ತು.

ಇಗ್ನಾಟಿಸನ ಮೆಸೇಜು. ‘ನಿನ್ನೆ ಹಾಕಿದ ಬ್ರೇಕ್ ಹೇಗಿದೆ? ಸಂಜೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ಲಾ?’

ಅವಳು ಓದಿದಳು. ನಕ್ಕಳು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು... ಕಣ್ಣೆತ್ತಿದಾಗ ರಸ್ತೆ ಇರಲಿಲ್ಲ, ಆಲಿವ್ ಮರವಿತ್ತು. ಅಪ್ಪ ಕೂತಿದ್ದ ಕಡೆಗೆ.

ಆಸ್ಪತ್ರೆಯಲ್ಲಿ ಪೊಲೀಸಿನವನು ಮೆಲ್ಲಗೆ ಕೇಳಿದ: “ಆ ಗಾಡಿ ಕೆಡ್ತಾನೇ ಇರುತ್ತಂತಲ್ಲ. ಬ್ರೇಕ್ ಹಿಡೀಲಿಲ್ವಾ, ತಂಗಿ?”

ಹೇಳಿಬಿಡು... ಈಗಲೇ ಹೇಳಿಬಿಡು...

ಅವಳು ತಲೆಯಾಡಿಸಿದಳು. ಹೌದು, ಹಿಡಿಯಲಿಲ್ಲ.

ಅಷ್ಟು ಸಾಕಾಯಿತು. ಪರದೆ ಸುಟ್ಟುಹೋಗಿದೆ, ಏನೂ ತಿಳಿಯುವುದಿಲ್ಲ ಎಂದು ಪರೀಕ್ಷಿಸಿದವರು ಬರೆದುಕೊಟ್ಟರು. ಊರು ಮಾತ್ರ ಎಲ್ಲ ತಿಳಿದುಕೊಂಡಿತು. ಬ್ರೇಕ್ ಕೆಟ್ಟಿತು ಎಂದರೆ ಹಿಂದಿನ ದಿನ ಅದನ್ನು ಹಾಕಿದವನು ಯಾರು?

ಇಗ್ನಾಟಿಸ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ದೂಕಾಸನನ್ನು ಮಣ್ಣು ಮಾಡುವಾಗ ಸ್ಮಶಾನದ ಗೇಟಿನ ಹೊರಗೆ ಟೋಪಿ ಹಿಡಿದು ನಿಂತಿದ್ದ. ಮಿರ್ಸಿನಿ ಅವನತ್ತ ನೋಡಲಿಲ್ಲ. ಅದು ದ್ವೇಷ ಎಂದು ಅವನು ತಿಳಿದ. ಅವನು ಬಾಯಿಬಿಡದಿರುವುದು ದ್ವೇಷ ಎಂದು ಅವಳು ತಿಳಿದಳು. ಜನ ತಮ್ಮ ಗಾಡಿಗಳನ್ನು ಬೇರೆ ಊರಿಗೆ ಒಯ್ದರು. ಐದನೇ ತಿಂಗಳು ಅವನು ಗ್ಯಾರೇಜಿನ ಷಟರ್ ಎಳೆದು ಮಿತಿಲಿನಿ ಬಂದರಿಗೆ ಹೋದ, ದೋಣಿಗಳ ಎಂಜಿನ್ ರಿಪೇರಿಗೆ. ದೋಣಿಗೆ ಪರದೆ ಇರುವುದಿಲ್ಲ.

ಅವನು ಹೋದ ಮರುದಿನ ಆ ತಿರುವಿನಲ್ಲಿ, ನಮ್ಮಲ್ಲಿ ರಸ್ತೆಯಲ್ಲಿ ಸತ್ತವರಿಗೆ ನಿಲ್ಲಿಸುವಂಥ ತಗಡಿನ ಪುಟ್ಟ ಗುಡಿ ಎದ್ದು ನಿಂತಿತ್ತು. ಒಳಗೆ ಎಣ್ಣೆದೀಪ, ಬಸ್ ಡ್ರೈವರನ ಟೋಪಿ ಹಾಕಿದ ದೂಕಾಸನ ಫೋಟೊ. ಯಾರು ಇಟ್ಟರೋ ಊರಿಗೆ ತಿಳಿಯಲಿಲ್ಲ. ಮಿರ್ಸಿನಿ ವೆಲ್ಡಿಂಗ್ ಗೆರೆಯ ಮೇಲೆ ಬೆರಳಾಡಿಸಿದಳು. ತನ್ನ ಕಾರಿನ ಬಂಪರಿನ ಮೇಲೆ ಆ ಗೆರೆಯನ್ನು ಎಷ್ಟು ಸಲ ಕಂಡಿರಲಿಲ್ಲ!

ಪ್ರತಿ ಶನಿವಾರ ನಡೆದೇ ಹೋಗಿ ದೀಪ ಹಚ್ಚತೊಡಗಿದಳು. ಎರಡೂವರೆ ವರ್ಷ.

ದೂಕಾಸನ ಮೂರನೇ ವರ್ಷದ ಸ್ಮರಣೆಯ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ನನ್ನ ಅಂಗಡಿಗೇ ಬಂದರು. ಕಾಫಿ, ಬ್ರಾಂದಿ, ಜೊತೆಗೆ ದಾಳಿಂಬೆ ಕಾಳು ಬೆರೆಸಿದ ಸಿಹಿ ಗೋಧಿ. ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ಸತ್ತವರ ಹೆಸರಿನಲ್ಲಿ ಒಂದು ಮಾತು ಹೇಳುವುದು ನಮ್ಮ ಪದ್ಧತಿ.

“ದೇವರು ಅವನನ್ನು ಕ್ಷಮಿಸಲಿ,” ಎಂದರು ಒಬ್ಬೊಬ್ಬರೂ.

ಬಡಿಸುತ್ತಿದ್ದ ಮಿರ್ಸಿನಿ ಸೌಟನ್ನು ಪಾತ್ರೆಗೆ ಇಳಿಸಿದಳು. ಅಪ್ಪನನ್ನು ಯಾಕೆ ಕ್ಷಮಿಸಬೇಕು? ಅವನೇನು ಮಾಡಿದ್ದ?

ನಾನು ನನ್ನ ಹಳೆಯ ಚಾಳಿಯಂತೆ ಶುರು ಮಾಡಿದ್ದೆ. “ಇಗ್ನಾಟಿಸ್ ಬ್ರೇಕಿನ ಆ ಒಂದು ಬೋಲ್ಟ್ ಮರೀದೆ ಇದ್ದಿದ್ರೆ, ದೂಕಾಸ್ ಇವತ್ತು ಇಲ್ಲೇ ಕೂತು ಇಸ್ಪೀಟಲ್ಲಿ ಮೋಸ ಮಾಡ್ತಿದ್ದ.”

“ಪ್ರೊಕೊಪಿಸ್ ಮಾವ,” ಎಂದಳು ಅವಳು. “ಆ ಬೋಲ್ಟನ್ನ ನೀವು ನೋಡಿದ್ರಾ?”

“ನೋಡಿದೆ ಅಂದ್ರೆ... ಅಂದಾಜಿಗೆ—”

“ನೋಡಿದ್ರಾ?”

“ಇಲ್ಲ, ಮಗಳೇ.”

“ಬ್ರೇಕ್ ಚೆನ್ನಾಗಿತ್ತು. ಕಾರು ಅವತ್ತು ಸರಿಯಾಗಿತ್ತು. ನಾನು ಫೋನ್ ನೋಡ್ತಿದ್ದೆ. ಅಪ್ಪ ಕಣ್ಮುಚ್ಚಿ ಶಿಲುಬೆ ಗುರುತು ಹಾಕ್ತಿದ್ರು, ನಾನು ಫೋನ್ ನೋಡ್ತಿದ್ದೆ. ಕ್ಷಮಿಸಲಿ ಅನ್ನೋದಿದ್ರೆ ನನಗನ್ನಿ.”

ಚಮಚಗಳ ಸದ್ದು ನಿಂತಿತು. ದೂಕಾಸನ ತಂಗಿ ರಿನಿಯೊ ತಟ್ಟೆ ಕೆಳಗಿಟ್ಟು, ಕಪ್ಪು ಶಾಲು ಹೊದ್ದು ಎದ್ದು ಹೋದಳು. ಅಣ್ಣನ ಮಗಳ ಜೊತೆ ಅವಳು ಇವತ್ತಿಗೂ ಮಾತಾಡಿಲ್ಲ.

ಮರುದಿನ ಮಿರ್ಸಿನಿ ಬಂದರಿಗೆ ಹೋದಳು. ಅವಳನ್ನು ಕಂಡದ್ದೇ ಇಗ್ನಾಟಿಸ್ ಸಮುದ್ರಕ್ಕೆ ಧುಮುಕಿ ಈಜಿ ಬಂದ. ಹಡಗುಗಳೆಲ್ಲ ಸೀಟಿ ಊದಿದವು. ಇಡೀ ಬಂದರು ಬಿಕ್ಕಿ ಬಿಕ್ಕಿ ಅತ್ತಿತು...

ಇಲ್ಲಿಯವರೆಗೆ ಬರೆದದ್ದನ್ನು ಮಿರ್ಸಿನಿಗೆ ಓದಿ ಹೇಳಿದೆ. ಅವಳು ಕಾಫಿ ಬಟ್ಟಲು ಕೆಳಗಿಟ್ಟಳು.

“ಅವತ್ತು ನೀವೆಲ್ಲಿದ್ರಿ, ಮಾವ?”

“ಅಂಗಡೀಲಿ.”

“ಮತ್ತೆ?”

ಸಿಕ್ಕಿಬಿದ್ದೆ. ಒಪ್ಪಿಕೊಳ್ಳುತ್ತೇನೆ. ಹಡಗು ಸೀಟಿ ಊದಲಿಲ್ಲ. ಕಾರು ಕೆಟ್ಟದ್ದು ನಾನೂರ ಹನ್ನೊಂದಲ್ಲ, ಹನ್ನೊಂದು ಸಲ. ಆ ಬೋಲ್ಟನ್ನು ಈ ಅಂಗಡಿಯಲ್ಲಿ, ಈ ಬಾಯಿಂದ ಹುಟ್ಟಿಸಿದವನು ನಾನು. ಮಿರ್ಸಿನಿ ತಲೆಯಾಡಿಸಿದ್ದು ಒಂದೇ ಸಲ, ನಾನು ಮೂರು ವರ್ಷ ಹೇಳಿದೆ. ಆ ಗ್ಯಾರೇಜಿನ ಷಟರ್ ಎಳೆದದ್ದರಲ್ಲಿ ನನ್ನ ಕೈಯೂ ಇದೆ.

ಬಂದರಿನಲ್ಲಿ ನಡೆದದ್ದು, ಅವಳು ಹೇಳಿದಂತೆ, ಇಷ್ಟೇ.

ಅವನು ಎಂಜಿನ್‌ನಿಂದ ತಲೆ ಎತ್ತಿದ. “ಹೇಗೆ ಬಂದೆ?”

“ಬಸ್ಸಲ್ಲಿ.”

ಅವನು ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

“ಎಲ್ಲರ ಮುಂದೆ ಹೇಳ್ಬಿಟ್ಟೆ, ಇಗ್ನಾಟಿಸ್.”

“ಯಾಕೆ ಹೇಳ್ದೆ? ನಾನು ಹೊತ್ಕೊಂಡಿದ್ನಲ್ಲ.”

“ನಿನಗೆ ಗೊತ್ತಿತ್ತಾ?”

“ಹನ್ನೊಂದು ಇಪ್ಪತ್ತಕ್ಕೆ ನೀನು ಓದಿದೆ ಅಂತ ಫೋನ್ ತೋರಿಸ್ತು. ಆಮೇಲೆ ಏನೂ ಬರಲಿಲ್ಲ. ಗಾಡಿ ಗುದ್ದಿದ್ದೂ ಆಗಲೇ ಅಂದ್ರು...” ಅವನು ಒರೆಸುವ ಬಟ್ಟೆ ಕೆಳಗಿಟ್ಟ. “ಕಳಿಸಿದ್ದು ನಾನು, ಮಿರ್ಸಿನಿ. ಸಂಜೆ ತನಕ ಕಾಯಬಹುದಿತ್ತು. ಕಾಯಲಿಲ್ಲ.”

ಅವಳು ಹತ್ತಿರ ಹೋಗಿ, ಗ್ರೀಸು ಮೆತ್ತಿದ ಆ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡಳು.

“ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ.”

“ಏನು ಕೇಳಿದ್ದೆ?”

“ಅಪ್ಪನ ಹತ್ರ ಬಂದು ಮಾತಾಡ್ಲಾ ಅಂತ... ಬಾ. ಶನಿವಾರ ದೀಪ ಹಚ್ಚೋಕೆ ಹೋಗ್ತೀನಿ. ಬಂದು ಮಾತಾಡು.”

ಅವನು ಸಮುದ್ರದ ಕಡೆ ತಿರುಗಿ ತೋಳಿನಿಂದ ಕಣ್ಣೊರೆಸಿಕೊಂಡ.

“ಬಸ್ಸು ಎಷ್ಟು ಗಂಟೆಗೆ?”