ಎಡ ಮೊಣಕಾಲಿನ ಗೋಲು

"ಈ ಹುಡಿಗಿ ಕೈಯಾಗ ನನ್ನ ಮೊಣಕಾಲ ಕೊಟ್ರ ಮುಗೀತು ನನ್ನ ಕಥಿ..."

ಟೇಬಲ್ ಮೇಲೆ ಅಂಗಾತ ಮಲಗಿದ್ದ ಶರಣ ತಿರುಗುತ್ತಿದ್ದ ಫ್ಯಾನ್ ನೋಡಿಕೊಂಡು ಗೊಣಗಿದ. ಮುಂಬೈಯ ವಿಕ್ರೋಳಿಯ ಪ್ರ್ಯಾಕ್ಟೀಸ್ ಮೈದಾನದ ಪಕ್ಕದ ಆ ಚಿಕ್ಕ ರೂಮಿನಲ್ಲಿ ತನ್ನ ಬೆಳಗಾವಿ ಕನ್ನಡ ಯಾರಿಗೆ ಅರ್ಥವಾದೀತು ಎಂಬ ಧೈರ್ಯ ಅವನದು.

ಕೈ ಒರೆಸಿಕೊಳ್ಳುತ್ತಿದ್ದ ವೈಶಾಲಿ ಟವೆಲ್ ಪಕ್ಕಕ್ಕೆ ಎಸೆದಳು.

"ಕಥಿ ಮುಗಿಸೋದಿದ್ರ ಆಪರೇಷನ್ ಮಾಡಿದ ಡಾಕ್ಟರೇ ಮುಗಿಸಿರ್ತಿದ್ರು. ನಾ ಶುರು ಮಾಡಾಕ ಬಂದೀನಿ. ಅಬ್ ಚುಪ್‌ಚಾಪ್ ಕಾಲ್ ಮಡಚ್ರಿ!"

ಶರಣ ದಡಕ್ಕನೆ ಎದ್ದು ಕುಳಿತ. ಕಿವಿಯ ತುದಿಯವರೆಗೂ ಕೆಂಪಾಗಿತ್ತು.

"ಯಪ್ಪಾ... ನಿಮಗ ಕನ್ನಡ ಬರ್ತೈತೇನ್ರಿ?"

"ನಮ್ಮಪ್ಪ ವಿಜಾಪುರದವ್ರು. ನಾ ಇಲ್ಲೇ ಸಯನ್‌ನ್ಯಾಗ ಹುಟ್ಟಿದಾಕಿ. ಬೈದ್ರ ಪಕ್ಕಾ ತಿಳೀತೈತಿ. ಹೊಗಳಿದ್ರ ಥೋಡಾ ಕಮ್ಮಿ."

ಹೀಗೆ ಶುರುವಾಯಿತು ನೋಡಿ ಇವರಿಬ್ಬರ ಪರಿಚಯ. ಬೈಗುಳದಿಂದ ಶುರುವಾದದ್ದು ಬಾಳುತ್ತದೆ ಎಂದು ನಾನಂತೂ ನಂಬಿದ್ದೇನೆ. ನೀವು ನಂಬದಿದ್ದರೆ ಮುಂದೆ ಓದಿ.

ಶರಣ ಹಾರ್ಬರ್ ಮುಂಬೈ ಫುಟ್‌ಬಾಲ್ ಕ್ಲಬ್ಬಿನ ಸ್ಟ್ರೈಕರ್, ಗೋಲು ಹೊಡೆಯುವವನು. ಹಿಂದಿನ ಸೀಸನ್ನಿನಲ್ಲಿ ಅಂಧೇರಿಯ ಸ್ಟೇಡಿಯಂ ತುಂಬ ಜನ ಅವನ ಹೆಸರು ಕೂಗುತ್ತಿದ್ದಾಗಲೇ ಎಡ ಮೊಣಕಾಲಿನ ಲಿಗಮೆಂಟ್ ಹರಿದು ನೆಲಕ್ಕೆ ಬಿದ್ದಿದ್ದ. ಆಪರೇಷನ್ ಆಯಿತು. ಆದರೆ ಕ್ಲಬ್ಬಿನಲ್ಲಿ ಎಲ್ಲರೂ ಪಿಸುಗುಟ್ಟಿದ್ದು ಒಂದೇ ಮಾತು, ಇವನ ಆಟ ಮುಗಿಯಿತು ಅಂತ.

ವೈಶಾಲಿ ಅದೇ ವರ್ಷ ಕೆಲಸಕ್ಕೆ ಸೇರಿದ ಫಿಸಿಯೋ. ಆಟಗಾರರೆಲ್ಲ ನಕ್ಕು ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ನೋವಾದರೆ ಮಾತ್ರ ಹಿರಿಯ ಫಿಸಿಯೋ ಹತ್ತಿರ ಓಡುತ್ತಿದ್ದರು. ಹೊಸಬಳಿಗೆ ಸಿಕ್ಕಿದ್ದು ಯಾರಿಗೂ ಬೇಡವಾಗಿದ್ದ ಆ ಒಂದು ಮೊಣಕಾಲು.

ಆ ಮೊಣಕಾಲನ್ನು ಅವಳು ಮಗುವಿನಂತೆ ಸಾಕಿದಳು!

ಮೊದಲು ಮಡಚಲೂ ಬರುತ್ತಿರಲಿಲ್ಲ. "ಯವ್ವಾ!" ಎಂದು ಅವನು ಕಿರುಚಿದರೆ, "ಯವ್ವ ಬೆಳಗಾವ್ಯಾಗ ಅದಾರ, ಇಲ್ಲಿ ನಾ ಅದೀನಿ, ಇನ್ನೊಮ್ಮೆ!" ಎಂದು ಇವಳು ಗದರುತ್ತಿದ್ದಳು. ಮಧ್ಯಾಹ್ನ ತನ್ನ ಡಬ್ಬಿ ಬಿಚ್ಚಿದರೆ ತಾಯಿ ಚಂದ್ರವ್ವ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ಅವನ ಪಾಲು. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಡಬ್ಬಿ ತೊಳೆದು ತಂದಿಡುತ್ತಿದ್ದ.

ಆದರೆ ಒಂದು ದಿನವೂ 'ಥ್ಯಾಂಕ್ಸ್' ಅನ್ನಲಿಲ್ಲ!

ಬಾಯಿ ಇಲ್ಲದವನೇ ಆಗಿದ್ದರೆ ವೈಶಾಲಿ ಸುಮ್ಮನಿರುತ್ತಿದ್ದಳು. ಚಹಾ ತರುವವನಿಗೆ ಥ್ಯಾಂಕ್ಸ್ ಭಾವೂ, ಹುಲ್ಲು ಕತ್ತರಿಸುವವನಿಗೆ ಥ್ಯಾಂಕ್ಸ್ ಕಾಕಾ, ಬಾಗಿಲು ಹಿಡಿದ ವಾಚ್‌ಮನ್‌ಗೂ ಥ್ಯಾಂಕ್ಸ್. ಇವಳ ಸರದಿ ಬಂದರೆ ಮಾತ್ರ ತುಟಿಗೆ ಬೀಗ.

'ನಾನು ಇವನಿಗೆ ಏನು? ಎರಡು ಕೈ ಅಷ್ಟೇನಾ?' ಎಂದು ಸಯನ್‌ಗೆ ವಾಪಸ್ಸಾಗುವ ಲೋಕಲ್ ರೈಲಿನಲ್ಲಿ ನಿಂತು ಎಷ್ಟೋ ಸಲ ಅಂದುಕೊಂಡಿದ್ದಳು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಶರಣ ಮೊದಲ ಸಲ ಮೈದಾನದ ಸುತ್ತ ಪೂರ್ತಿ ಓಡಿದ. ಓಡಿ ಬಂದವನು ನೇರ ಅವಳ ಮುಂದೆ ನಿಂತ. ಕಣ್ಣು ತುಂಬಿತ್ತು. ಅವಳದೂ ತುಂಬಿತ್ತು, ಬಿಸಿಲು ಎಂದು ನೆಪ ಹೇಳಿ ಒರೆಸಿಕೊಂಡಳು.

"ವೈಶಾಲಿ ಅವ್ರ..."

"ಹೇಳ್ರಿ..." ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಏನಿಲ್ರಿ."

ಅಯ್ಯೋ! ಆ 'ಏನಿಲ್ರಿ' ಕೇಳಿದ ಕ್ಷಣದಲ್ಲೇ ಅವಳಿಗೆ ತಿಳಿದುಹೋಯಿತು. ತನಗೆ ಬೇಕಾಗಿದ್ದದ್ದು ಥ್ಯಾಂಕ್ಸ್ ಒಂದೇ ಅಲ್ಲ, ಈ ಮನುಷ್ಯನೇ ಬೇಕಾಗಿದ್ದಾನೆ.

ಜನವರಿ ಬಂತು. ಸೀಸನ್ನಿನ ನಡುವೆ ಕ್ಲಬ್‌ಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ತಿಂಗಳು. ಮುಂಬೈ ಕ್ಲಬ್ ಶರಣನನ್ನು ಬಿಟ್ಟುಕೊಟ್ಟಿತು. ಗೋವಾದ ಒಂದು ತಂಡ ಸೀಸನ್ ಮುಗಿಯುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ ಕರೆದುಕೊಂಡಿತು. ಬೆಳಿಗ್ಗೆ ಸುದ್ದಿ, ಸಂಜೆಗೆ ಟಿಕೆಟ್.

ಅವನು ರೂಮಿಗೆ ಬಂದು ತನ್ನ ಮೊಣಕಾಲು ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡ. ಬಾಗಿಲವರೆಗೆ ಹೋದ. ನಿಂತ. ಮತ್ತೆ ಹೊರಟ.

"ಬಸ್, ಇಷ್ಟೇನಾ?" ವೈಶಾಲಿ ಹಿಂದಿನಿಂದ ಕೂಗಿದಳು. "ಒಂದ್ ಥ್ಯಾಂಕ್ಸ್ ಕೂಡಾ ಇಲ್ಲೇನು?"

ಶರಣ ತಿರುಗಿದ.

"ಈಗ ಹೇಳಂಗಿಲ್ರಿ..."

"ಈಗ ಇಲ್ಲಂದ್ರ ಯಾವಾಗ್ಲೂ ಬ್ಯಾಡ! ಫೋನೂ ಮಾಡಬ್ಯಾಡ್ರಿ. ಮೆಸೇಜೂ ಬ್ಯಾಡ!"

ಅವನು ಒಂದು ಕ್ಷಣ ಅವಳನ್ನೇ ನೋಡಿ ತಲೆ ಆಡಿಸಿದ. ಹೋದ. ಹೇಳಿದಂತೆಯೇ ಫೋನ್ ಮಾಡಲಿಲ್ಲ. ಹುಡುಗಿಯರು ಸಿಟ್ಟಿನಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಗಂಡಸರಿಗೆ ಏನು ಹೇಳೋಣ!

ಆಮೇಲಿನ ದಿನಗಳಲ್ಲಿ ವೈಶಾಲಿಯ ಕೆಲಸ ಹೆಚ್ಚಾಯಿತು. ಶರಣನ ಕಾಲು ಓಡಿದ್ದನ್ನು ಕಣ್ಣಾರೆ ನೋಡಿದ ಆಟಗಾರರು ಈಗ ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಡಿಫೆಂಡರ್ ವಿಕ್ರಂ ಅಂತೂ, "ವೈಶಾಲಿ ದೀದಿ ಇಲ್ಲದೆ ನಾನು ಬೂಟ್ ಹಾಕಲ್ಲ" ಅನ್ನುತ್ತಿದ್ದ. ಈ ಮರ್ಯಾದೆಯೆಲ್ಲ ತನಗೆ ತಂದುಕೊಟ್ಟವನು ಯಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ನೋವು ಇನ್ನೂ ಹೆಚ್ಚು.

ಗೋವಾ ತಂಡದ ಆಟವಿದ್ದ ಸಂಜೆ ಮೊಬೈಲ್ ಹಿಡಿದು ಮೂಲೆ ಸೇರುತ್ತಿದ್ದಳು. ಶರಣನನ್ನು ಕೊನೆಯ ಐದೋ ಹತ್ತೋ ನಿಮಿಷಕ್ಕೆ ಇಳಿಸುತ್ತಿದ್ದರು. ಆ ಮೊಣಕಾಲಿನ ಮೇಲೆ ಅವರಿಗಿನ್ನೂ ನಂಬಿಕೆ ಬಂದಿರಲಿಲ್ಲ.

ಫೋರ್ಟ್ ಪ್ರದೇಶದ ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದ ಅಪ್ಪ ಶಂಕ್ರೆಪ್ಪ ಒಮ್ಮೆ ಕೇಳಿಯೇಬಿಟ್ಟರು.

"ಗೋವಾ ಟೀಮಿನ ಮ್ಯಾಚ್ ನಿನಗ್ಯಾಕವ್ವಾ?"

"ಪೇಶೆಂಟ್ ಅಪ್ಪಾ. ಮೊಣಕಾಲ ಹೆಂಗೈತಿ ನೋಡಾಕತ್ತೀನಿ."

"ಹಂಗಾರ ಮೊಣಕಾಲ ನೋಡು. ಅವನ ಮಾರಿ ದೊಡ್ಡದ ಮಾಡಿಕೊಂಡು ನೋಡಾಕತ್ತೀಯಲ್ಲ!"

ಒಳಗಿನಿಂದ ಚಂದ್ರವ್ವ ನಕ್ಕಿದ್ದು ಕೇಳಿಸಿತು. ವೈಶಾಲಿ ಮೊಬೈಲ್ ಮಗುಚಿ ಹಾಕಿದಳು.

ಏಪ್ರಿಲ್. ಲೀಗಿನ ಕೊನೆಯ ಪಂದ್ಯ. ಅಂಧೇರಿಯಲ್ಲಿ ಮುಂಬೈ ಎದುರು ಗೋವಾ. ಮುಂಬೈ ಆಗಲೇ ಮುಂದಿನ ಸುತ್ತಿಗೆ ಹೋಗಿತ್ತು. ಆದರೆ ಶರಣನಿಗೆ ಇದೇ ಕೊನೆಯ ಅವಕಾಶ. ಗೋವಾದವರ ಮುಖ್ಯ ಸ್ಟ್ರೈಕರ್‌ಗೆ ಜ್ವರ ಬಂದು, ಸೀಸನ್ನಿನಲ್ಲಿ ಮೊದಲ ಸಲ ಅವನನ್ನು ಶುರುವಿನಿಂದಲೇ ಇಳಿಸಿದ್ದರು. ಇಂದು ಈ ಕಾಲು ನಿಂತರೆ ಮುಂದಿನ ವರ್ಷವೂ ಆಟ. ಇಲ್ಲವಾದರೆ ಬೆಳಗಾವಿಯ ಬಸ್ಸು.

ಮುಂಬೈ ಬೆಂಚಿನ ತುದಿಯಲ್ಲಿ ಔಷಧಿ ಬ್ಯಾಗ್ ಅಪ್ಪಿಕೊಂಡು ಕುಳಿತ ವೈಶಾಲಿ ಚೆಂಡನ್ನು ನೋಡಲೇ ಇಲ್ಲ. ನೋಡಿದ್ದು ಒಂದು ಮೊಣಕಾಲನ್ನು.

'ದೇವ್ರೇ, ಅವನು ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ. ಆ ಕಾಲು ಕೈಕೊಡದಿರಲಿ...'

ಎರಡನೆಯ ಅರ್ಧದಲ್ಲಿ ವಿಕ್ರಂ ಜಾರಿ ಬಂದು ಅಡ್ಡ ಹಾಕಿದ. ಶರಣ ಬಿದ್ದ. ಎಡ ಮೊಣಕಾಲು ಹಿಡಿದುಕೊಂಡ!

ವೈಶಾಲಿ ಬ್ಯಾಗ್ ಸಮೇತ ಎದ್ದು ಮೈದಾನದ ಗೆರೆಯವರೆಗೂ ಓಡಿದಳು. ಅಲ್ಲಿ ಕಾಲು ನಿಂತುಹೋಯಿತು. ಗೋವಾ ತಂಡದ ಫಿಸಿಯೋ ಅವಳನ್ನು ದಾಟಿ ಓಡಿದ. ಆ ಮೊಣಕಾಲಿನ ಒಂದೊಂದು ನರವೂ ಅವಳಿಗೆ ಗೊತ್ತು, ಮುಟ್ಟುವ ಹಕ್ಕು ಮಾತ್ರ ಈಗ ಬೇರೆಯವರದು. ಅಷ್ಟು ಅಸಹಾಯಕಳಾಗಿ ಅವಳು ಎಂದೂ ನಿಂತಿರಲಿಲ್ಲ.

ಶರಣ ನಿಧಾನಕ್ಕೆ ಎದ್ದ. ಕಾಲು ಮಡಚಿದ, ಚಾಚಿದ, ಮತ್ತೆ ಮಡಚಿದ. ಅವಳು ಕಲಿಸಿದ ಕ್ರಮದಲ್ಲೇ! ನಂತರ ಓಡಿದ.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ಬಲಗಡೆಯಿಂದ ಚೆಂಡು ಬಂತು. ಶರಣ ವಿಕ್ರಂನನ್ನು ತಪ್ಪಿಸಿ ಒಳಗೆ ತಿರುಗಿದ. ಪೂರ್ತಿ ಭಾರವನ್ನು ಆ ಎಡಗಾಲಿಗೇ ಕೊಟ್ಟು ಒದ್ದ.

ಗೋಲ್!

ಸ್ಟೇಡಿಯಂ ಸ್ತಬ್ಧವಾಯಿತು. ಆ ಮೌನದಲ್ಲಿ ಒಂದೇ ಒಂದು ಜೋಡಿ ಕೈ ಚಪ್ಪಾಳೆ ತಟ್ಟುತ್ತಿತ್ತು. ಮುಂಬೈ ಬೆಂಚಿನ ಮುಂದೆ, ಮುಂಬೈ ಜೆರ್ಸಿ ಹಾಕಿಕೊಂಡು, ಕುಣಿಯುತ್ತಾ!

"ವೈಶಾಲಿ! ಬೈಠೋ ಯಾರ್!" ಅಸಿಸ್ಟೆಂಟ್ ಕೋಚ್ ಪ್ರಶಾಂತ ಅವಳ ತೋಳು ಎಳೆದ. "ಗೋಲ್ ಅಪ್ನೇ ಖಿಲಾಫ್ ಹುವಾ ಹೈ!"

ಗೋಲು ಬಿದ್ದದ್ದು ತನ್ನದೇ ಕ್ಲಬ್ಬಿನ ಮೇಲೆ! ವೈಶಾಲಿ ಸುತ್ತ ನೋಡಿದಳು. ಬೆಂಚಿಗೆ ಬೆಂಚೇ ಅವಳನ್ನು ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿ ಮುಖ ಮುಚ್ಚಿಕೊಂಡು ಕುಳಿತಳು. ಬೆರಳ ಸಂದಿಯಲ್ಲಿ ಮಾತ್ರ ನೋಡುತ್ತಲೇ ಇದ್ದಳು.

ಶರಣ ಕುಣಿಯಲಿಲ್ಲ. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದ ಆಟಗಾರ ಸಂಭ್ರಮಿಸುವುದಿಲ್ಲ, ಅನ್ನ ಹಾಕಿದ ಮನೆ ಎಂದು ಕೈ ಮುಗಿಯುತ್ತಾನೆ. ಅವನೂ ಗ್ಯಾಲರಿಯ ಕಡೆ ತಿರುಗಿ ಕೈ ಮುಗಿದ. ಮುಂಬೈ ಜನ ಎದ್ದು ನಿಂತು ಹಳೆಯ ಪ್ರೀತಿಯಿಂದ ಅವನ ಹೆಸರು ಕೂಗಿದರು.

'ಎಲ್ಲರಿಗೂ ಕೈ ಮುಗಿದ. ಇವತ್ತೂ ನನ್ನನ್ನ ಬಿಟ್ಟು...' ಎಂದು ಅವಳು ತುಟಿ ಕಚ್ಚಿಕೊಂಡಳು.

ಆಗ ಅವನು ಬೆಂಚಿನ ಕಡೆ ತಿರುಗಿದ. ಬಗ್ಗಿ ಎಡ ಮೊಣಕಾಲು ಮುಟ್ಟಿದ. ಆ ಕೈಯನ್ನು ಹಣೆಗೆ ಒತ್ತಿಕೊಂಡ.

ಆ ಒಂದೇ ಗೋಲಿನಿಂದ ಗೋವಾ ಗೆದ್ದು ಪಂದ್ಯ ಮುಗಿಯಿತು. ಆಟಗಾರರು ಜೆರ್ಸಿ ಬದಲಾಯಿಸಿಕೊಳ್ಳುತ್ತಿದ್ದರು. ವಿಕ್ರಂ ತನ್ನದನ್ನು ಬಿಚ್ಚಿ ಶರಣನ ಮುಂದೆ ಹಿಡಿದ. ಶರಣ ಅವನನ್ನು ಅಪ್ಪಿಕೊಂಡ, ಆದರೆ ತನ್ನ ಜೆರ್ಸಿ ಕೊಡಲಿಲ್ಲ.

'ನೋಡಿದ್ಯಾ ಸೊಕ್ಕು! ಗೆಳೆಯನಿಗೂ ಇಲ್ಲ!' ಹಣೆಗೆ ಕೈ ಒತ್ತಿಕೊಂಡದ್ದು ತನಗಾಗಿ ಅಂದುಕೊಂಡ ತಾನೇ ಹುಚ್ಚಿ ಅನ್ನಿಸಿತು. ಒಳಗಿನ ದಾರಿಯಲ್ಲಿ ಐಸ್ ಡಬ್ಬಿಯ ಮೇಲೆ ಕುಳಿತು ಬ್ಯಾಂಡೇಜ್ ಸುತ್ತತೊಡಗಿದಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

"ವೈಶಾಲಿ ಅವ್ರ..."

ಎದುರಿಗೆ ಶರಣ. ಮೈಯೆಲ್ಲ ಬೆವರು. ಕೈಯಲ್ಲಿ ಮಡಚಿದ ಜೆರ್ಸಿ, ಮೈಮೇಲೆ ಯಾರದೋ ಟಿ-ಶರ್ಟ್.

"ಏನು?" ಅವಳು ತಲೆ ಎತ್ತಲಿಲ್ಲ. "ಚಾಯ್‌ವಾಲಾಗೂ ಥ್ಯಾಂಕ್ಸ್ ಹೇಳ್ತಿದ್ದಿ. ವಾಚ್‌ಮನ್‌ಗೂ! ನನಗಷ್ಟ ಯಾಕ ಇಲ್ಲ? ನಾ ಏನ್ ಮಾಡೀನಿ ನಿನಗ?"

ಬಹುವಚನ ಹಾರಿಹೋಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ನಮ್ಮಜ್ಜ ಕಾಂತಪ್ಪ ಪೈಲ್ವಾನ್ ಇದ್ರು," ಶರಣ ಮೆಲ್ಲಗೆ ಹೇಳಿದ. "ನಮ್ಮ ಗರಡಿಮನ್ಯಾಗ ಒಂದ್ ಪದ್ಧತಿ ಐತ್ರಿ. ಮುರಿದ ಮೈ ಕೂಡಿಸಿದವರಿಗೆ ಬಾಯಿಲೆ ಉಪಕಾರ ಹೇಳಂಗಿಲ್ಲ. ಹೇಳಿದ್ರ ಅಲ್ಲಿಗೆ ಋಣ ಹರೀತು ಅಂತಾರ. ತಿರುಗಿ ಕಣಕ್ಕ ಇಳೀಬೇಕು. ಗೆಲ್ಲಬೇಕು. ಗೆದ್ದದ್ದನ್ನ ತಂದು ಅವರ ಕೈಯಾಗ ಇಡಬೇಕು."

ವೈಶಾಲಿಯ ಕೈಯಿಂದ ಬ್ಯಾಂಡೇಜ್ ಉರುಳಿ ದೂರ ಹೋಯಿತು.

"ಅವತ್ತ ನಾ ಇನ್ನಾ ಗೆದ್ದಿರಲಿಲ್ರಿ..."

"ಅಷ್ಟ ಹೇಳಬಹುದಿತ್ತಲ್ಲೋ! ಇಷ್ಟ್ ದಿನಾ ನಾ... ಒಂದ್ ಫೋನ್ ಆದ್ರೂ..."

"ಮಾಡಬ್ಯಾಡ ಅಂದವರು ಯಾರು?"

"ನಾ ಹೇಳಿದ್ದೆಲ್ಲಾ ಕೇಳ್ತೀಯೇನು?"

"ನೀವು ಹೇಳಿದ್ದೆಲ್ಲಾ ಕೇಳೇ ಅಲ್ಲೇನ್ರಿ ಈ ಕಾಲು ನಿಂತದ್ದು?"

ಅವಳಿಗೆ ಅಳು, ನಗು ಒಟ್ಟಿಗೆ ಬಂದವು. ಅವನು ಜೆರ್ಸಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಕೆಂಪು ಮಣ್ಣು, ಹುಲ್ಲಿನ ಹಸಿರು, ಬೆವರು ಎಲ್ಲವೂ ಅದರಲ್ಲಿತ್ತು.

"ನಿಮ್ಮಜ್ಜ ಏನ್ ಕೊಟ್ಟಿದ್ರು?"

"ಕುಸ್ತಿ ಗೆದ್ದಾಗ ಸುತ್ತಿದ ರುಮಾಲು. ಅವರ ಭುಜ ಕೂಡಿಸಿದ್ದು ನೀಲಾಬಾಯಿ ಅಂತ, ನಾಟಿ ವೈದ್ಯರ ಮಗಳು. ಅವರ ಕೈಯಾಗ ಕೊಟ್ಟಿದ್ರು."

"ಈಗ ಎಲ್ಲಿದಾರ ಅವ್ರು?"

ಶರಣ ಕತ್ತಿನ ಹಿಂದೆ ಕೆರೆದುಕೊಂಡ. ಕಿವಿಯ ತುದಿ ಅಂದಿನಂತೆಯೇ ಕೆಂಪಾಗಿತ್ತು.

"ಬೆಳಗಾವ್ಯಾಗ. ನಮ್ಮ ಮನ್ಯಾಗ ಅದಾರ್ರಿ... ನಮ್ಮ ಅಜ್ಜಿ ಆಗ್ಬೇಕು."

ವೈಶಾಲಿ ತಲೆ ಎತ್ತಿ ನೋಡಿದಳು. ಅವನು ನೋಟ ತಪ್ಪಿಸಲಿಲ್ಲ.

"ವಿಚಾರ ಮಾಡಿ ತೊಗೋರಿ. ತೊಗೊಂಡ ಮ್ಯಾಲ ವಾಪಸ್ ಕೊಡಂಗಿಲ್ಲ."

ಅವಳು ವಿಚಾರ ಮಾಡಲಿಲ್ಲ. ಯಾರಿಗೂ ಬೇಡವಾಗಿದ್ದ ಒಂದು ಮೊಣಕಾಲನ್ನು ತನ್ನ ಪಾಲಿಗೆ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದು, ಜೆರ್ಸಿ ಕಸಿದುಕೊಂಡು ಎದೆಗೆ ಒತ್ತಿಕೊಂಡಳು.

"ನೀ ಕೇಳಿದ್ರೂ ಕೊಡಂಗಿಲ್ಲ."

ಶರಣನ ಕಣ್ಣಿನಲ್ಲಿ ನೀರು ತುಂಬಿತು. "ವೈಶಾಲಿ... ಈಗ ಹೇಳಬಹುದು. ಥ್ಯಾಂ..."

ಅವಳ ಕೈ ಅವನ ಬಾಯಿ ಮುಚ್ಚಿತು.

"ಹೇಳಬ್ಯಾಡ. ಆ ಋಣ ಹರಿಯೋದು ಬ್ಯಾಡ ನನಗ. ಇರ್ಲಿ ಜೀವನಪೂರ್ತಿ... ಉಮ್ರ್ ಭರ್."

ಅವನು ಆ ಕೈಯನ್ನು ಹಿಡಿದುಕೊಂಡ.

"ಹಂಗಾರ ಐಸ್ ಆದ್ರೂ ಇಡ್ತೀಯೇನು? ಭಾಳ ನೋಯಾಕತ್ತೈತಿ..."

"ಅಯ್ಯೋ, ಮೊದಲ ಹೇಳಬಾರದೇನೋ!" ಅವಳು ಧಡಬಡಿಸಿ ಎದ್ದು ಅವನನ್ನು ಡಬ್ಬಿಯ ಮೇಲೆ ಕೂರಿಸಿದಳು. ಮತ್ತೆ ಎಬ್ಬಿಸಿದಳು, ಐಸ್ ಅದರೊಳಗೇ ಇತ್ತಲ್ಲ! ಕೊನೆಗೆ ನೆಲದ ಮೇಲೆ ಕೂರಿಸಿ, ಕಣ್ಣೊರೆಸಿಕೊಂಡು ಅವನ ಮುಂದೆ ಮಂಡಿಯೂರಿದಳು.

"ಅಬ್ ಚುಪ್‌ಚಾಪ್ ಕಾಲ್ ಮಡಚು."

"ಹೂಂ... ನೀ ಹೇಳಿದಂಗ."