ಕಾಣದ ಉರಿ

ಪುಷ್ಯ ಶುದ್ಧ ಬಿದಿಗೆ, ಬುಧವಾರ. ಬೆಳಗಿನಿಂದ ಮಂಜು ಕವಿದಿತ್ತು, ಗಾಳಿ ಇರಲಿಲ್ಲ.

ಬಹಳ ಹಿಂದಿನ ಆ ದಿನ ಹೊನ್ನಗವಿ ರಾಜ್ಯದ ಒಲೆಗಳೆಲ್ಲ ಒಟ್ಟಿಗೆ ಆರಿದವು. ಉರಿನುಂಗನೆಂಬ ಮಾಂತ್ರಿಕ ಕಣ್ಣಿಗೆ ಬಿದ್ದ ಬೆಂಕಿಯನ್ನೆಲ್ಲ ನುಂಗಿದ್ದ. ಉಳಿದದ್ದು ಮಲ್ಲೋಜನ ಭಟ್ಟಿಯ ಕೆಂಡ ಮಾತ್ರ. ಅವನು ಕಟ್ಟಿಗೆಗೆ ಮಣ್ಣು ಮುಚ್ಚಿ, ಬೇಯಿಸಿ, ಎಣ್ಣೆ ಇಳಿಸುವವನು; ಮಣ್ಣಿನಡಿಯ ಕೆಂಡ ಹೊರಗೆ ಕಾಣುತ್ತಿರಲಿಲ್ಲ. ಅವನ ಆರು ವರ್ಷದ ಮಗಳು ಬಾಚಿ ಚಳಿಗೆ ನೀಲಿಗಟ್ಟಿದ್ದಳು. ಭಟ್ಟಿಯ ಪಕ್ಕ ಮಲಗಿಸಿದರೂ ಮೈ ಬೆಚ್ಚಗಾಗಲಿಲ್ಲ.

ಮಲ್ಲೋಜ ಕಾಡು ಕಾಯುವ ಬಿಳಿ ಕಡವೆಯ ಬಳಿ ಹೋಗಿ ಎಣ್ಣೆ ಇಳಿಸಲು ಮರ ಕೇಳಿದ. ಒಂದೊಂದು ಮರಕ್ಕೂ ಒಂದೊಂದು ಬೀಜ ಕೊಡುತ್ತೇನೆ, ನೆಟ್ಟು ಮೊಳೆಸಬೇಕು, ಮೊಳೆಯದಿದ್ದರೆ ಅದರ ಬೆಲೆ ನಾನೇ ತೆಗೆದುಕೊಳ್ಳುತ್ತೇನೆ ಎಂದಿತು ಕಡವೆ.

ಮೊದಲ ಬೀಜ ಮೊಳೆಯಿತು. ಮೊದಲು ಕಡಿದ ಮರ ಭಟ್ಟಿಯಲ್ಲಿ ಬೆಂದು, ಅಂಟಂಟಾದ ಕಪ್ಪು ಕೀಲೆಣ್ಣೆ ಕೊಟ್ಟಿತು. ಹಚ್ಚಿದೊಡನೆ ಹೊಗೆ ಕಂಡು ಉರಿನುಂಗ ಬಂದು ನುಂಗಿಹೋದ.

ಎರಡನೆಯ ಬೀಜವೂ ಮೊಳೆಯಿತು. ಎರಡನೆಯ ಸಲ ಕಡಿದ ಮರ ಹುಳಿನೀರು ಕೊಟ್ಟಿತು. ಅದು ಹತ್ತಿಕೊಳ್ಳಲೇ ಇಲ್ಲ. ಬಾಚಿ ಮಾತು ನಿಲ್ಲಿಸಿದ್ದಳು.

"ಉಪ್ಪಿನಕಾಯಿಗೆ ಹುಳಿ ಆಯಿತು. ಮಗಳಿಗೇನು ಕೊಡುತ್ತೀರಿ?" ಎಂದಳು ಹೆಂಡತಿ ಸಾಂತವ್ವೆ.

ಮೂರನೆಯ ಬೀಜ ಮಂಜಿನಲ್ಲಿ ನೆನೆದಿತ್ತು. ಭಟ್ಟಿಯವರು ಬಟ್ಟೆ, ಹಪ್ಪಳ, ಸೌದೆ ಎಲ್ಲವನ್ನೂ ಭಟ್ಟಿಯ ನೆತ್ತಿಯ ಮೇಲೇ ಒಣಗಿಸುತ್ತಿದ್ದರು. ಮಲ್ಲೋಜ ಬೀಜವನ್ನೂ ಅಲ್ಲಿಟ್ಟು ಆಮೇಲೆ ನೆಟ್ಟ. ಈ ಸಲ ಕಡಿದ ಮರದಿಂದ ಇಳಿದದ್ದು ನೀರಿನಂಥ ತಿಳಿಸತ್ವ; ಹಚ್ಚಿದೊಡನೆ ಹೊಗೆಯಿಲ್ಲದೆ ಹತ್ತಿಕೊಂಡಿತು. ಹಗಲಿನಲ್ಲಿ ಅದರ ಉರಿ ಯಾರಿಗೂ ಕಾಣುತ್ತಿರಲಿಲ್ಲ. ಅದರ ಕಾವಿಗೆ ಬಾಚಿ ಕಣ್ಣು ಬಿಟ್ಟಳು. ವಾಸನೆ ಹಿಡಿದು ಬಂದ ಉರಿನುಂಗ ಬರೀ ನೀರೆಂದು ಬಗ್ಗಿ ಕುಡಿದ. ಕಾಣದ ಉರಿ ಅವನ ಹೊಟ್ಟೆಯನ್ನು ಸುಟ್ಟು ತೂತು ಮಾಡಿತು. ನುಂಗಿದ ಬೆಂಕಿಗಳೆಲ್ಲ ಹೊರಬಂದು ತಂತಮ್ಮ ಒಲೆಗೆ ಮರಳಿದವು.

ಮೂರನೆಯ ಬೀಜ ಮೊಳೆಯಲಿಲ್ಲ. ಕಡವೆ ಅದನ್ನು ಕೆದಕಿ ಮೂಸಿತು.

"ಇದನ್ನು ಹುರಿದಿದ್ದೀಯ."

"ಒಣಗಿಸಿದೆ ಅಷ್ಟೆ. ನಾವು ಎಲ್ಲವನ್ನೂ ಅಲ್ಲೇ ಒಣಗಿಸುವುದು. ತಪ್ಪು ನನ್ನದು, ನನ್ನನ್ನೇ ತಗೋ."

"ನೀನು ಬೆಳೆದು ಮುಗಿದವನು," ಎಂದು ಕಡವೆ ಹೊರಟುಹೋಯಿತು.

ಕ್ಷಮಿಸಿತು ಎಂದುಕೊಂಡ ಮಲ್ಲೋಜ.

ರಾಜ್ಯ ಸುಖವಾಗಿತ್ತು. ಜನ ಒಂದು ಮರ ಕಡಿದರೆ ಒಂದು ನೆಟ್ಟರು. ಮನೆಮನೆಯಲ್ಲೂ ತಿಳಿಸತ್ವದ ದೀಪ ಉರಿಯಿತು. ಬಾಚಿ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿದಳು. ಸಾಂತವ್ವೆ ವರ್ಷಕ್ಕೊಂದು ಲಂಗ ಹೊಲಿದಳು, ಮಗಳು ಉದ್ದವಾದಾಗ ಬಿಚ್ಚಲೆಂದು ಅಂಚಿನಲ್ಲಿ ಮಡಿಕೆ ಬಿಟ್ಟು. ಹತ್ತು ವರ್ಷ ಕಳೆದರೂ ಒಂದು ಮಡಿಕೆಯನ್ನೂ ಬಿಚ್ಚಬೇಕಾಗಲಿಲ್ಲ. ಜೊತೆಯಲ್ಲಿ ಆಡಿದವರು ಮದುವೆಯಾಗಿ, ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬಂದರು. ಬಾಚಿಗೆ ಇನ್ನೂ ಆರು ವರ್ಷ.